ಕಾನಮೂಲೆ ದೇವಮ್ಮನ ಸಹಿ

ಢಮ್!

ವ್ಯಾನಿನ ಹಿಂಬದಿಗೆ ಎರಡನೇ ಸಲ ಗುದ್ದಿದರು.

ಹಿಂದಿನ ಗಾಜು ಪುಡಿಪುಡಿಯಾಗಿ ನನ್ನ ಅಂಗಿಯೊಳಗೆ ಇಳಿಯಿತು. ಎಡಕ್ಕೆ ಇಪ್ಪತ್ತಡಿ ಕೆಳಗೆ ರಬ್ಬರ್ ತೋಟ. ಬಲಕ್ಕೆ ಗೋಡೆಯಂತೆ ಕೆಂಪು ಮಣ್ಣಿನ ಬರೆ. ನಡುವೆ ಯಾವನೋ ಕಂಟ್ರಾಕ್ಟರು ಅರ್ಧಕ್ಕೆ ಬಿಟ್ಟುಹೋದ ಟಾರು. ಅದಕ್ಕೆ ನಾವು ಗೌರವದಿಂದ ರಸ್ತೆ ಎನ್ನುತ್ತೇವೆ.

ಕನ್ನಡಿ ನೋಡಿದೆ. ಬಿಳಿ ಪಿಕಪ್. ಸ್ಟೇರಿಂಗ್ ಹಿಂದೆ ದಿಶಾಂತ್. ನಗುತ್ತಿದ್ದ!

"ಎಂತ ಮಾರಾಯ? ನಿನ್ನ ಗಾಡಿಗೆ ಇಷ್ಟೇ ಸ್ಪೀಡಾ?"

ಕೇಳಿದ್ದು ಪಕ್ಕದ ಸೀಟಿನ ದೇವಮ್ಮ. ವಯಸ್ಸು ಅರವತ್ತೆರಡು. ನಮ್ಮ ಕ್ಷೇತ್ರದ ಉಪಚುನಾವಣೆಗೆ ನಿಂತ ಪಕ್ಷೇತರ ಅಭ್ಯರ್ಥಿ.

"ಅಮ್ಮ, ತಲೆ ಬಗ್ಗಿಸಿ!"

"ತಲೆ ಬಗ್ಗಿಸುದಾದ್ರೆ ನಾನು ನಾಮಪತ್ರವೇ ಹಾಕ್ತಿರ್ಲಿಲ್ಲ."

ಜಾಗ ಪೆರಾಬೆ. ಸಮಯ ಮಧ್ಯಾಹ್ನ ಒಂದು ಐವತ್ತು. ನಾಮಪತ್ರ ಹಿಂದಕ್ಕೆ ಪಡೆಯಲು ಕೊನೆಯ ಗಳಿಗೆ ಮೂರು ಗಂಟೆ. ಅಷ್ಟರೊಳಗೆ ಆಕೆ ಪುತ್ತೂರಿನ ಚುನಾವಣಾಧಿಕಾರಿಯ ಮುಂದೆ ನಿಲ್ಲಬೇಕು. ನಿಲ್ಲದಂತೆ ನೋಡಿಕೊಳ್ಳಲು ದಿಶಾಂತನ ಪಿಕಪ್.

ತಮಾಷೆ ಏನು ಗೊತ್ತೇ ವಕೀಲರೇ? ಆಕೆಯನ್ನು ಮನೆಯಿಂದ ಹೊರಡಿಸಿದ್ದು ದಿಶಾಂತನ ಕಡೆಯವನೇ.

ನಾನೇ!

ಬೇಲ್ ಅರ್ಜಿ ಬರೆಯುವ ಮೊದಲು ಎಲ್ಲವನ್ನೂ ಹೇಳು ಎಂದಿರಿ. ಹೇಳುತ್ತೇನೆ. ಬರೆದುಕೊಳ್ಳಿ.

ನನ್ನ ಹೆಸರು ಸುಜಯ್. ಒಂದು ಕಾಲದಲ್ಲಿ ಪೊಲೀಸ್ ಕಾನ್‌ಸ್ಟೇಬಲ್. ಆರು ವರ್ಷದಿಂದ ಸಸ್ಪೆಂಡ್ ಆದ ಕಾನ್‌ಸ್ಟೇಬಲ್. ಕಬಕ ಜಂಕ್ಷನ್ನಿನಲ್ಲಿ ಟಯರ್ ಅಂಗಡಿಯ ಮೇಲೆ ನನ್ನದೊಂದು ಕೋಣೆ ಉಂಟು. ಬೋರ್ಡ್ ಇಲ್ಲ. ಯಾರದ್ದೋ ಸಾಕ್ಷಿ ನೆನಪು ಮರೆತರೆ, ಯಾರದ್ದೋ ಅಳಿಯ ಠಾಣೆಯಲ್ಲಿ ಸಿಕ್ಕಿಬಿದ್ದರೆ, ಜನ ಮೆಟ್ಟಿಲು ಹತ್ತಿ ಬರುತ್ತಾರೆ. ಎಲೆಕ್ಷನ್ ಬಂದರೆ ನಾನೇ ಇಳಿದು ಹೋಗುತ್ತೇನೆ. ಅದು ನಮ್ಮ ಸೀಸನ್ನು.

ಈ ಉಪಚುನಾವಣೆ ಯಾಕೆ ಬಂತು? ಯಾರೂ ಸಾಯಲಿಲ್ಲ. ಶಾಸಕ ಶೀನಪ್ಪ ರೈಗಳು ಕ್ಷೇತ್ರದ ಅಭಿವೃದ್ಧಿಗಾಗಿ ಕ್ಷೇತ್ರಕ್ಕೆ ರಾಜೀನಾಮೆ ಕೊಟ್ಟರು! ಹಳೆಯ ಪಾರ್ಟಿ ಬಿಟ್ಟು ಹೊಸ ಪಾರ್ಟಿ ಸೇರಿದರು. ಅದೇ ಕುರ್ಚಿಗೆ ಮತ್ತೆ ನಿಂತರು. ಕೆಳಗೆ ಇಳಿದು, ಶಾಲು ಬದಲಿಸಿ, ಮತ್ತೆ ಹತ್ತುವುದು. ಇದಕ್ಕೆ ಇನ್ನೂರು ಬೂತು, ಸಾವಿರ ಸಿಬ್ಬಂದಿ, ಎರಡು ಲಕ್ಷ ಜನರ ಬೆರಳಿಗೆ ಶಾಯಿ.

ಹೋದ ಸಲ ಅವರು ಗೆದ್ದ ಅಂತರ ಒಂಬೈನೂರ ಮೂವತ್ತು ಮತ. ಈ ಸಲ ಎದುರು ಪಾರ್ಟಿಯಿಂದ ಕೌಶಲ್ ಎಂಬ ಹೊಸ ಮುಖ. ಅದನ್ನಾದರೂ ಸುಧಾರಿಸಬಹುದಿತ್ತು. ನಡುವೆ ದೇವಮ್ಮ ಬಂದಳು.

ಕಾನಮೂಲೆ ಎಂದರೆ ಕಡಬದಿಂದಲೂ ಒಳಗೆ, ಕಾಡಿನ ಅಂಚು. ಆಕೆಯ ಗಂಡ ಬೋಜಪ್ಪ ಗೌಡರು ಹನ್ನೊಂದು ತಿಂಗಳ ಹಿಂದೆ ಬೆಳಿಗ್ಗೆ ಆರೂವರೆಗೆ ಹಾಲಿನ ಕ್ಯಾನ್ ಹಿಡಿದು ಸೊಸೈಟಿಗೆ ಹೊರಟಿದ್ದರು. ತಿರುವಿನಲ್ಲಿ ಆನೆ ನಿಂತಿತ್ತು. ಕ್ಯಾನ್ ಸಿಕ್ಕಿದ್ದು ರಸ್ತೆಯಲ್ಲಿ. ಬೋಜಪ್ಪ ಗೌಡರು ಸಿಕ್ಕಿದ್ದು ಕೆಳಗೆ ಹರಿಯುವ ತೋಡಿನಲ್ಲಿ.

ಅವರ ಹತ್ತಿರ ಲೈಸೆನ್ಸ್ ಇದ್ದ ಕೋವಿ ಇತ್ತು. ಆನೆ ಕೊಲ್ಲಲು ಅಲ್ಲ, ಗಾಳಿಗೆ ಒಂದು ಗುಂಡು ಹಾರಿಸಿ ಓಡಿಸಲು. ಅದು ಆಗ ಠಾಣೆಯಲ್ಲಿತ್ತು. ಯಾವುದೋ ಚುನಾವಣೆಗೆ ಠೇವಣಿ ಇಟ್ಟಿದ್ದು. ನಿಮಗೆ ಗೊತ್ತಲ್ಲ, ಇಲ್ಲಿ ಎಲೆಕ್ಷನ್ ಘೋಷಣೆಯಾದರೆ ರೈತರು ಕೋವಿ ಒಪ್ಪಿಸಬೇಕು.

ಈಗ ಶೀನಪ್ಪ ರೈಗಳ ಅಭಿವೃದ್ಧಿಗಾಗಿ ಮತ್ತೊಮ್ಮೆ ಊರಿನ ಕೋವಿಗಳೆಲ್ಲ ಠಾಣೆ ಸೇರಿದವು. ದೇವಮ್ಮ ಸೀದಾ ಪುತ್ತೂರಿಗೆ ಹೋಗಿ ನಾಮಪತ್ರ ಹಾಕಿದಳು. ಮೈಕಿಲ್ಲ, ಶಾಲಿಲ್ಲ. ಅಂಗಡಿ ಜಗಲಿಯಲ್ಲಿ, ಬಸ್‌ಸ್ಟಾಂಡಿನಲ್ಲಿ ನಿಂತು ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ನೀತಿ ಸಂಹಿತೆ ನಮಗೆ ಮಾತ್ರವಾ? ಆನೆಗೆ ಇಲ್ವಾ?"

ಕಾಡಂಚಿನ ಹದಿನಾಲ್ಕು ಬೂತಿನಲ್ಲಿ ಜನ ಚಪ್ಪಾಳೆ ತಟ್ಟಿದರು. ಎಲ್ಲವೂ ರೈಗಳ ಬೂತು!

ರೈಗಳು ನನ್ನನ್ನು ಕರೆಸಿದರು. ಪಕ್ಕದಲ್ಲಿ ಅಳಿಯ ದಿಶಾಂತ್. ಮಾವನಿಗೆ ಮಾತು, ಅಳಿಯನಿಗೆ ಕೈ. ಕೆಲಸ ಹಂಚಿಕೊಂಡ ಕುಟುಂಬ.

"ಸುಜಯ, ಆ ಹೆಂಗಸು ವಾಪಸ್ ತೆಗಿಬೇಕು. ಪ್ರೀತಿಯಿಂದ."

"ಆಕೆಗೆ ಎಂತ ಬೇಕಂತೆ?"

"ಆನೆ ಬೇಲಿ. ರೈಲು ಕಂಬಿಯದ್ದು."

"ಕೊಡಿಸಿ."

"ನೀತಿ ಸಂಹಿತೆ ಉಂಟಲ್ಲ ಮಾರಾಯ, ಈಗ ಆರ್ಡರ್ ಮಾಡ್ಲಿಕ್ಕೆ ಆಗುದಿಲ್ಲ. ಮೊದಲೇ ಆಗಿದ್ದ ಹಾಗೆ ಒಂದು ಕಾಗದ ಮಾಡು. ನಿನ್ನ ಸಸ್ಪೆನ್ಷನ್ ಫೈಲು ನಾನು ಕ್ಲಿಯರ್ ಮಾಡಿಸ್ತೇನೆ."

ಕಾಗದ ಮಾಡಿದೆ. ಹೌದು ವಕೀಲರೇ, ನಾನೇ ಟೈಪ್ ಮಾಡಿದ್ದು. ಲೆಟರ್‌ಹೆಡ್, ಸೀಲು, ಕಡತ ಸಂಖ್ಯೆ, 'ಕಾನಮೂಲೆ ಗ್ರಾಮಕ್ಕೆ ನಾಲ್ಕು ಕಿಲೋಮೀಟರ್ ಬೇಲಿ ಮಂಜೂರು'. ನೀತಿ ಸಂಹಿತೆ ಬಂದದ್ದು ಹದಿನಾರಕ್ಕೆ. ನಾನು ಹಾಕಿದ ತಾರೀಕು ಹದಿನಾಲ್ಕು. ಅಷ್ಟು ಚೆಂದದ ಸುಳ್ಳನ್ನು ನಾನು ಆವರೆಗೆ ಬರೆದಿರಲಿಲ್ಲ.

ಕೊನೆಯ ದಿನ ಬೆಳಿಗ್ಗೆ ಕಾನಮೂಲೆಗೆ ಹೋದೆ. ಕಾಗದ ಓದಿ ಹೇಳಿದೆ. ಆಕೆ ಕಾಗದ ಮಡಚಿ ಚೀಲಕ್ಕೆ ಹಾಕಿದಳು.

"ಬೇಲಿ ಬರ್ತದಾದ್ರೆ ನನಗೆ ಎಂತಕ್ಕೆ ಮಾರಾಯ ವಿಧಾನಸೌಧ? ನಡಿ. ವಾಪಸ್ ತೆಗಿವ."

ಅಷ್ಟೇ. ಚೀಲ ಹಿಡಿದು ವ್ಯಾನ್ ಹತ್ತಿದಳು. ಇಷ್ಟು ಸುಲಭದ ಕೆಲಸ ನನಗೆ ಸಿಕ್ಕಿದ್ದೇ ಇಲ್ಲ. ನನಗೆ ಆಗಲೇ ಸಂಶಯ ಬರಬೇಕಿತ್ತು...

ಕಡಬ ದಾಟಿದ ಮೇಲೆ ಆಕೆ ಕನ್ನಡಕ ಹಾಕಿಕೊಂಡಳು. ಕಾಗದವನ್ನು ತಾನೇ ಓದಿದಳು. ಮೊದಲು ಮೇಲಿಂದ ಕೆಳಗೆ. ಆಮೇಲೆ ಕೆಳಗಿಂದ ಮೇಲೆ.

"ಸುಜಯ, ಈ ಹದಿನಾಲ್ಕನೇ ತಾರೀಕು ಯಾವ ವಾರ?"

"ಗೊತ್ತಿಲ್ಲ ಅಮ್ಮ."

"ಎರಡನೇ ಶನಿವಾರ."

ನಾನು ಗೇರ್ ಬದಲಿಸಿದೆ. ಬದಲಿಸುವ ಅಗತ್ಯ ಇರಲಿಲ್ಲ.

"ನಾನು ಎರಡು ಅವಧಿ ಪಂಚಾಯತ್ ಮೆಂಬರ್ ಆಗಿದ್ದೆ ಮಾರಾಯ. ಎರಡನೇ ಶನಿವಾರ ಆಫೀಸಿಗೆ ಬೀಗ. ಸೀಲು ಒತ್ತಿದ್ದು ಯಾರು?"

ಆಗಲೇ ಫೋನ್ ರಿಂಗಾಯಿತು. ಅದು ಡ್ಯಾಶ್‌ಬೋರ್ಡಿನ ಸ್ಟ್ಯಾಂಡಿನಲ್ಲಿತ್ತು. ಗಾಡಿ ಓಡಿಸುವಾಗ ನಾನು ಯಾವಾಗಲೂ ಸ್ಪೀಕರ್‌ನಲ್ಲೇ ಇಡುವುದು. ಕಾನೂನು ಪಾಲಿಸುವ ಮನುಷ್ಯ, ನೋಡಿ!

ದಿಶಾಂತ್.

"ಸುಜಯಣ್ಣ, ಪ್ಲಾನ್ ಚೇಂಜ್. ಮುದುಕಿಯನ್ನು ಪುತ್ತೂರಿಗೆ ತರುದು ಬೇಡ. ಅಲ್ಲಿ ಪ್ರೆಸ್‌ನವರು ಉಂಟು, ಬಾಯಿ ಬಿಟ್ರೆ ಕಷ್ಟ. ಅವಳ ಕೀರ್ತನ್ ಆಫೀಸಿನಲ್ಲಿ ಕೂತಿದ್ದಾನೆ. ವಿತ್‌ಡ್ರಾ ಫಾರ್ಮಿಗೆ ಅವಳದ್ದೇ ಸೈನ್ ಉಂಟು. ಕೊನೆಗೆ ಹತ್ತು ನಿಮಿಷ ಇರುವಾಗ ಕೊಡ್ತಾನೆ. ನೀನು ಅವಳನ್ನು ಪೆರಾಬೆಯ ನಮ್ಮ ರಬ್ಬರ್ ಗೋಡೌನಿನಲ್ಲಿ ಮೂರು ಗಂಟೆವರೆಗೆ ಕೂರಿಸು."

ದೇವಮ್ಮನ ಕೈ ಕಾಗದದ ಮೇಲೆ ನಿಂತಿತು.

ಕೀರ್ತನ್ ಬೋಜಪ್ಪ ಗೌಡರ ತಮ್ಮನ ಮಗ. ಚಿತೆಗೆ ಬೆಂಕಿ ಇಟ್ಟವನು. ಆಕೆಯ ನಾಮಪತ್ರಕ್ಕೆ ಸೂಚಕನಾಗಿ ಮೊದಲ ಸಹಿ ಹಾಕಿದವನು. ಸೂಚಕನಿಗೆ ಅಭ್ಯರ್ಥಿ ಬರೆದುಕೊಟ್ಟರೆ ಅವನೂ ಹಿಂತೆಗೆತದ ಅರ್ಜಿ ಸಲ್ಲಿಸಬಹುದು. ಒಮ್ಮೆ ಸ್ವೀಕಾರವಾದರೆ ಮುಗಿಯಿತು. ಬ್ರಹ್ಮ ಬಂದರೂ ಬದಲಿಲ್ಲ.

"ಸುಜಯಣ್ಣ, ಕೇಳ್ತಾ ಉಂಟಾ?"

"ಉಂಟು. ನನ್ನ ಫೈಲು ಎಂತ ಆಯ್ತು?"

ಆ ಕಡೆ ನಗು.

"ಎಂತ ಫೈಲು ಮಾರಾಯ! ರಿಸಲ್ಟ್ ಬರ್ಲಿ, ಆಮೇಲೆ ನೋಡುವ."

ಫೋನ್ ಕಟ್.

ಆಕೆಗೆ ಸಿಕ್ಕಿದ್ದು ಎರಡನೇ ಶನಿವಾರದ ಕಾಗದ. ನನಗೆ ಸಿಕ್ಕಿದ್ದು ಅದೂ ಇಲ್ಲ!

"ಫಾರ್ಮಿಗೆ ನಿಮ್ಮ ಸೈನ್ ಹೇಗೆ ಬಂತು?" ಎಂದೆ.

"ನಾಮಪತ್ರ ಹಾಕುವ ದಿನ ಕೀರ್ತನ್ ಒಂದು ಕಟ್ಟು ಪೇಪರ್ ಕೊಟ್ಟ. ಎಲ್ಲ ಕಡೆ ಸೈನ್ ಹಾಕಿ ದೊಡ್ಡಮ್ಮ, ಮತ್ತೆ ಮತ್ತೆ ನಿಮಗೆ ಓಡಾಟ ಬೇಡ ಅಂದ." ಕನ್ನಡಕ ತೆಗೆದಳು. "ಹಾಕಿದೆ. ಮಗ ಅಲ್ವಾ?"

ರಬ್ಬರ್ ಗೋಡೌನಿನ ಗೇಟು ಕಂಡಿತು. ತೆರೆದಿತ್ತು. ಮುಂದೆ ಬಿಳಿ ಪಿಕಪ್ ನಿಂತಿತ್ತು. ದಿಶಾಂತ್ ಕೈ ಬೀಸಿದ, ಒಳಗೆ ತಾ ಎಂದು.

"ನಿಲ್ಲಿಸು," ಎಂದಳು ದೇವಮ್ಮ. "ನಾನು ನಡ್ಕೊಂಡು ಹೋಗ್ತೇನೆ."

"ಪುತ್ತೂರಿಗೆ? ಒಂದು ಗಂಟೆಯಲ್ಲಿ?"

"ಹಾಗಾದ್ರೆ ನೀನು ಬಿಡು."

"ಅಲ್ಲಿ ಹೋದರೆ ಈ ಕಾಗದ ಆಫೀಸರಿಗೆ ತೋರಿಸ್ತೀರಾ?"

"ತೋರಿಸ್ತೇನೆ."

"ನಾನು ಜೈಲಿಗೆ ಹೋಗ್ತೇನೆ ಅಮ್ಮ!"

"ಹೌದು. ಬರೆದದ್ದು ನೀನಲ್ವಾ?"

ಕರುಣೆ ಇಲ್ಲ, ಸಿಟ್ಟೂ ಇಲ್ಲ. ಸೊಸೈಟಿಯಲ್ಲಿ ಹಾಲಿನ ಡಿಗ್ರಿ ಓದಿ ಹೇಳಿದ ಹಾಗೆ ಹೇಳಿದಳು.

ಆಗ ನನ್ನ ಅಂತರಾತ್ಮ ಎಚ್ಚರವಾಯಿತು ಎಂದು ನೀವು ಕೋರ್ಟಿನಲ್ಲಿ ಹೇಳಬಹುದು. ಕೇಳಲು ಚೆಂದ. ನಿಜ ಅದಲ್ಲ. ದಿಶಾಂತನ ನಗು ಕಿವಿಯಲ್ಲಿ ಇನ್ನೂ ಇತ್ತು. ಆರು ವರ್ಷ ರೈಗಳ ಮನೆಯ ಕಸ ಹೊತ್ತಿದ್ದೆ. ಆಕ್ಸಿಲರೇಟರ್ ಒತ್ತಿದೆ.

ವ್ಯಾನು ಗೇಟು ದಾಟಿ ಹೋಯಿತು. ದಿಶಾಂತನ ಬೀಸುತ್ತಿದ್ದ ಕೈ ಗಾಳಿಯಲ್ಲೇ ಉಳಿಯಿತು!

ಅರ್ಧ ನಿಮಿಷದಲ್ಲಿ ಅವನು ಬೆನ್ನಿಗೆ ಬಿದ್ದ. ಮೊದಲ ಗುದ್ದು. ಎರಡನೇ ಗುದ್ದು. ಗಾಜು ಅಂಗಿಯೊಳಗೆ. ಕತೆ ಶುರು ಮಾಡಿದ್ದೇ ಅಲ್ಲಿಂದ.

ಈಗ ಮುಂದೆ ಕೇಳಿ.

ರಾಮಕುಂಜ, ಉಪ್ಪಿನಂಗಡಿ ದಾರಿಯಲ್ಲಿ ಹೋದರೆ ಅವನ ಹುಡುಗರು ಕಾದಿರುತ್ತಾರೆ. ಆಲಂಕಾರಿನಲ್ಲಿ ಒಮ್ಮೆಲೇ ತಿರುಗಿಸಿ ಶಾಂತಿಮೊಗರು ಸೇತುವೆಯ ದಾರಿ ಹಿಡಿದೆ. ವ್ಯಾನು ಎರಡು ಚಕ್ರದ ಮೇಲೆ ತಿರುಗಿತು. ಮೀನಿನ ಗಾಡಿಯವನೊಬ್ಬ ತುಳುವಿನಲ್ಲಿ ನನ್ನ ವಂಶವನ್ನೆಲ್ಲ ನೆನೆಸಿಕೊಂಡ. ಸಮಯ ಎರಡು ಗಂಟೆ.

ಇಳಿಜಾರು. ಕೆಳಗೆ ಕುಮಾರಧಾರಾ. ಸೇತುವೆ ಕಂಡಿತು. ಉಳಿದುಕೊಂಡೆವು ಎಂದುಕೊಂಡೆ.

ಅಷ್ಟರಲ್ಲಿ ಪಿಕಪ್ ಬಲಗಡೆಯಿಂದ ನುಗ್ಗಿ, ಮುಂದೆ ಹೋಗಿ, ಸೇತುವೆಯ ಬಾಯಿಗೆ ಅಡ್ಡ ನಿಂತಿತು!

ಬ್ರೇಕ್ ಒತ್ತಿದೆ. ವ್ಯಾನು ಕಿರುಚಿ ನಿಂತಿತು.

ದಿಶಾಂತ್ ಇಳಿದ. ಕೈಯಲ್ಲಿ ವೀಲ್ ಸ್ಪ್ಯಾನರ್. ಹಿಂದೆ ಇಬ್ಬರು.

"ದಾನೆ ಸುಜಯಣ್ಣ? ಗೇಟು ಕಾಣ್ಲಿಲ್ವಾ?"

"ಕಂಡಿತು. ಚೆಂದ ಇರ್ಲಿಲ್ಲ."

ನಾನು ಇಳಿದೆ. ಮಾತಾಡಿ ಹೊತ್ತು ಕಳೆಯುವ ಅಂದಾಜು. ಅವನಿಗೆ ಮಾತಿನ ಅಭ್ಯಾಸ ಇಲ್ಲ ಎಂದು ಮೊದಲೇ ಹೇಳಿದೆನಲ್ಲ? ಸ್ಪ್ಯಾನರ್ ನನ್ನ ಎಡ ಭುಜಕ್ಕೆ ಬಿತ್ತು. ಲಟಕ್! ಮಂಡಿಯೂರಿದೆ. ಎರಡನೇ ಏಟು ತಲೆಗೆ ಎತ್ತಿದ...

"ಏ ಅಳಿಯ!"

ದೇವಮ್ಮ ವ್ಯಾನಿನ ಪಕ್ಕ ನಿಂತಿದ್ದಳು. ಒಂದು ಕೈಯಲ್ಲಿ ಲೈಟರ್. ಇನ್ನೊಂದು ಕೈಯಲ್ಲಿ ಸೆಣಬಿನ ಹುರಿ ಸುತ್ತಿದ, ತೆಂಗಿನಕಾಯಿಯಷ್ಟು ದಪ್ಪದ ಗರ್ನಾಲು. ಕೋವಿ ಇಲ್ಲದ ಊರಿನಲ್ಲಿ ಆನೆ ಓಡಿಸಲು ಇರುವುದು ಆ ಪಟಾಕಿ ಒಂದೇ. ಕಾನಮೂಲೆಯವರು ಅದಿಲ್ಲದೆ ಬಸ್‌ಸ್ಟಾಪಿಗೂ ಹೊರಡುವುದಿಲ್ಲ.

"ಅಮ್ಮ, ಅದನ್ನು ಕೆಳಗಿಡಿ..." ದಿಶಾಂತನ ಸ್ವರ ಮೊದಲ ಸಲ ಮೆತ್ತಗಾಯಿತು.

"ಇಡ್ತೇನೆ."

ಇಟ್ಟಳು. ಬತ್ತಿ ಹಚ್ಚಿ, ಉರುಳಿಸಿ, ಸರಿಯಾಗಿ ಪಿಕಪ್ಪಿನ ಅಡಿಗೆ!

ಇಬ್ಬರು ರೌಡಿಗಳು ಹೊಳೆಯ ಕಡೆ ಹಾರಿದರು. ದಿಶಾಂತ್ ಸ್ಪ್ಯಾನರ್ ಬಿಸಾಡಿ ಚರಂಡಿಯಲ್ಲಿ ಮಲಗಿದ.

ಢಮಾರ್!!

ಕಿವಿಯಲ್ಲಿ ಗುಂಯ್ ಎಂದಿತು. ಪಿಕಪ್ ಒಂದು ಗೇಣು ಎದ್ದು ಕೂತಿತು. ಹಿಂದಿನ ಬಾಗಿಲು ತೆರೆದುಕೊಂಡು, ಟಾರ್ಪಾಲಿನ ಅಡಿಯಿಂದ ನೂರಾರು ಕೊಡೆಗಳು ರಸ್ತೆಗೆ ಬಿದ್ದವು. ಕೆಲವು ತಾವೇ ಬಿಚ್ಚಿಕೊಂಡವು. ಪ್ರತಿಯೊಂದರಲ್ಲೂ ಕೈ ಮುಗಿದು ನಗುವ ಶೀನಪ್ಪ ರೈಗಳು!

ಸೇತುವೆಯ ಆ ತುದಿಯಲ್ಲಿ ಚುನಾವಣಾ ಚೆಕ್‌ಪೋಸ್ಟ್ ಇತ್ತು. ಬೆಳಿಗ್ಗೆಯಿಂದ ಖಾಲಿ ಡಿಕ್ಕಿಗಳನ್ನೇ ನೋಡಿ ಬೇಸತ್ತಿದ್ದ ತಂಡ ವಿಡಿಯೋ ಕ್ಯಾಮೆರಾ ಹಿಡಿದು ಓಡಿಬಂತು. ಕೊಡೆ ನೋಡಿ ಅವರ ಮುಖದಲ್ಲಿ ಬಂದ ಕಳೆ, ಮದುವೆ ಮನೆಯಲ್ಲೂ ನೋಡಿಲ್ಲ ನಾನು.

"ಯಾರೂ ಹೋಗುವ ಹಾಗಿಲ್ಲ! ಎಲ್ಲರ ಹೇಳಿಕೆ ಬೇಕು!" ಎಂದ ತಂಡದ ಮುಖ್ಯಸ್ಥ.

ದೇವಮ್ಮ ಕ್ಯಾಮೆರಾದ ಮುಂದೆ ಹೋಗಿ ನಿಂತಳು.

"ನಾನು ಕ್ಯಾಂಡಿಡೇಟ್ ದೇವಮ್ಮ. ಪಟಾಕಿ ಬಿಟ್ಟದ್ದು ನಾನೇ, ಕೇಸ್ ಹಾಕಿ. ಆದ್ರೆ ಮೂರು ಗಂಟೆಯೊಳಗೆ ನಾನು ಪುತ್ತೂರಿನಲ್ಲಿ ಇರ್ಬೇಕು. ನೀವು ತಡೆದದ್ದು ಇದರಲ್ಲೇ ರೆಕಾರ್ಡ್ ಆಗ್ತಾ ಉಂಟು. ಹೌದಲ್ವಾ?"

ಮುಖ್ಯಸ್ಥ ಕ್ಯಾಮೆರಾ ನೋಡಿದ. ಗಡಿಯಾರ ನೋಡಿದ. ಪಿಕಪ್ಪನ್ನು ಹತ್ತು ಜನ ಸೇರಿ ಬದಿಗೆ ತಳ್ಳಿದರು.

ನಾನು ವ್ಯಾನ್ ಹತ್ತುವಾಗ ಚರಂಡಿಯಲ್ಲಿ ದಿಶಾಂತ್ ಫೋನ್ ಕಿವಿಗಿಟ್ಟು ಕಿರುಚುತ್ತಿದ್ದ.

"ಕೀರ್ತನ್! ಈಗಲೇ ಕೊಡು! ಈಗಲೇ!"

ಎರಡು ಹದಿನೆಂಟು. ಒಂದೇ ಕೈ ಕೆಲಸ ಮಾಡುತ್ತಿತ್ತು. ಗೇರ್ ಹಾಕಲು ಸ್ಟೇರಿಂಗ್ ಬಿಡಬೇಕು. ಬಿಟ್ಟಾಗ ದೇವಮ್ಮ ಹಿಡಿಯುತ್ತಿದ್ದಳು. ಸವಣೂರು ದಾಟಿದ್ದು ಹಾಗೆ. ಜೀವಮಾನದಲ್ಲಿ ಗಾಡಿ ಓಡಿಸದ ಹೆಂಗಸು!

"ಎಡಕ್ಕೆ ಅಮ್ಮ! ಎಡಕ್ಕೆ!"

"ಗೊತ್ತುಂಟು. ಬಸ್ಸಿನಲ್ಲಿ ಮುಂದೆಯೇ ಕೂರುದು ನಾನು."

ದಾರಿಯಲ್ಲಿ ಆಕೆ ಒಂದೇ ಒಂದು ಸಲ ಬೇರೆ ಮಾತಾಡಿದಳು.

"ಕೀರ್ತನ್ ಸಣ್ಣವ ಇರುವಾಗ ಆನೆ ಘೀಳಿಟ್ಟರೆ ನನ್ನ ಸೆರಗಿನೊಳಗೆ ಬರ್ತಿದ್ದ."

ನಾನು ಹಾರ್ನ್ ಒತ್ತಿದೆ.

ಪುತ್ತೂರು ಪೇಟೆ. ಟ್ರಾಫಿಕ್. ಎರಡು ನಲವತ್ತಾರು. ಆಫೀಸಿನಿಂದ ನೂರು ಮೀಟರ್ ದೂರಕ್ಕೆ ಬ್ಯಾರಿಕೇಡ್. ವ್ಯಾನನ್ನು ಯಾರದ್ದೋ ಹಣ್ಣಿನ ಅಂಗಡಿ ಮುಂದೆ ಬಿಟ್ಟೆವು. ಓಡಿದೆವು. ಆಕೆಯ ಒಂದು ಚಪ್ಪಲಿ ದಾರಿಯಲ್ಲೇ ಉಳಿಯಿತು. ತಿರುಗಿ ನೋಡಲಿಲ್ಲ.

ಬ್ಯಾರಿಕೇಡಿನಲ್ಲಿ ಪೊಲೀಸಿನವನು ನನ್ನ ಎದೆಗೆ ಕೈಯಿಟ್ಟ.

"ಕ್ಯಾಂಡಿಡೇಟ್ ಮಾತ್ರ."

ಅಲ್ಲಿ ನಾನು ನಿಲ್ಲಬಹುದಿತ್ತು. ನಿಂತು, ತಿರುಗಿ, ಕಬಕಕ್ಕೆ ಹೋಗಿ, ಬ್ಯಾಗ್ ತುಂಬಿಕೊಂಡು ಗಡಿ ದಾಟಬಹುದಿತ್ತು. ಕಾಸರಗೋಡು ಎಷ್ಟು ದೂರ? ಎರಡು ಹೆಜ್ಜೆ ಹಿಂದಿಟ್ಟಿದ್ದೂ ಹೌದು...

"ಸುಜಯ!" ಆಕೆ ಕರೆದಳು. "ಬಾ. ಕಾಗದ ಮಾತಾಡುದಿಲ್ಲ. ನೀನೇ ಹೇಳ್ಬೇಕು."

ಪೊಲೀಸಿನವನಿಗೆ ಹೇಳಿದಳು, "ಇವ ನನ್ನ ಸಾಕ್ಷಿ. ಬಿಡದಿದ್ರೆ ಇಲ್ಲೇ ಕೂರ್ತೇನೆ."

ಪ್ರೆಸ್‌ನವರು ತಿರುಗಿದರು. ಪೊಲೀಸಿನವನ ಕೈ ಕೆಳಗಿಳಿಯಿತು.

ಒಳಗೆ ಸಾಲು. ಆ ದಿನ ಹಿಂದೆ ಸರಿದ ದೇಶಭಕ್ತರು ಆರು ಮಂದಿ. ಪ್ರತಿಯೊಬ್ಬರನ್ನೂ ಕೂರಿಸಿ, ಒತ್ತಡ ಇಲ್ಲ ತಾನೆ ಎಂದು ಕೇಳಿ, ವಿಡಿಯೋ ಮಾಡುತ್ತಿದ್ದರು. ಎಲ್ಲರೂ 'ಸ್ವಇಚ್ಛೆಯಿಂದ' ಎಂದರು. ಆ ಸಾಲು ನಮ್ಮನ್ನು ಉಳಿಸಿತು.

ಕೊನೆಯವನು ಕೀರ್ತನ್. ಫಾರ್ಮ್ ಆಗಲೇ ಅಧಿಕಾರಿಯ ಮೇಜಿನ ಮೇಲಿತ್ತು. ಅಧಿಕಾರಿ ನಲವತ್ತರ ಹೆಂಗಸು. ಪೆನ್ ತೆಗೆದಿದ್ದರು.

"ಮೇಡಂ, ನಿಲ್ಲಿ!"

ಕೀರ್ತನ್ ತಿರುಗಿದ. ಅವನ ಮುಖ ಸುಣ್ಣವಾಯಿತು.

"ನೀವು ಯಾರು?"

"ಆ ಫಾರ್ಮಿನಲ್ಲಿರುವ ದೇವಮ್ಮ."

ಅಧಿಕಾರಿ ಫಾರ್ಮ್ ತಿರುಗಿಸಿ ತೋರಿಸಿದರು. "ಈ ಸಹಿ ನಿಮ್ಮದೇ?"

"ಸಹಿ ನನ್ನದೇ. ಅದರ ಮೇಲೆ ಬರೆದದ್ದು ನಾನಲ್ಲ. ನಾನು ಹಿಂದೆ ತೆಗಿಯುದಿಲ್ಲ."

ಅಧಿಕಾರಿ ಪೆನ್ನಿಗೆ ಮುಚ್ಚಳ ಹಾಕಿದರು. ಆ ಟಕ್ ಸದ್ದು ಈಗಲೂ ಕೇಳುತ್ತದೆ ನನಗೆ.

ದೇವಮ್ಮ ಕೀರ್ತನ್ ಹತ್ತಿರ ಹೋದಳು. ಹೊಡೆಯುತ್ತಾಳೆ ಎಂದುಕೊಂಡೆ.

"ಎಂತಕ್ಕೆ ಮಗಾ?"

"ಫಾರೆಸ್ಟ್ ವಾಚರ್ ಕೆಲಸ ಕೊಡಿಸ್ತೇನೆ ಅಂದ್ರು ದೊಡ್ಡಮ್ಮ... ಪರ್ಮನೆಂಟ್..."

"ಎಂತ ಕಾಯ್ಲಿಕ್ಕೆ?"

ಅವನು ತಲೆ ಎತ್ತಲಿಲ್ಲ. ಅಷ್ಟರ ಮೇಲೆ ಆ ಹೆಂಗಸಿನ ಕಣ್ಣು ತುಂಬಿತು ವಕೀಲರೇ. ಸ್ಪ್ಯಾನರಿಗೆ ತುಂಬದ ಕಣ್ಣು!

ಆಕೆ ಕಾಗದವನ್ನು ಮೇಜಿನ ಮೇಲಿಟ್ಟಳು. ಅಧಿಕಾರಿ ಓದಿದರು. ಹುಬ್ಬು ಮೇಲೇರಿತು.

"ಈ ಆದೇಶ ಎಲ್ಲಿಂದ ಬಂತು?"

ಕೋಣೆಯಲ್ಲಿ ಎಲ್ಲರೂ ನನ್ನ ಕಡೆ ನೋಡಿದರು. ಗಡಿಯಾರ ಎರಡು ಐವತ್ತೆಂಟು.

"ಕಬಕದಿಂದ," ಎಂದೆ. "ಟಯರ್ ಅಂಗಡಿಯ ಮೇಲಿನಿಂದ. ನಾನೇ ಟೈಪ್ ಮಾಡಿದ್ದು. ಹೇಳಿದ್ದು ಶೀನಪ್ಪ ರೈ."

ಮೂರು ಹೊಡೆಯಿತು. ದೇವಮ್ಮ ಕಣದಲ್ಲಿ ಉಳಿದಳು. ನನ್ನ ಭುಜಕ್ಕೆ ಪಟ್ಟಿ ಕಟ್ಟುವ ಮೊದಲು ಕೈಗೆ ಕೋಳ ಬಿತ್ತು.

ಉಳಿದದ್ದು ಪೇಪರಿನಲ್ಲಿ ಓದಿದ್ದೀರಿ. ಶೀನಪ್ಪ ರೈಗಳಿಗೆ ನನ್ನ ಪರಿಚಯವೇ ಇಲ್ಲವಂತೆ. ಕೊಡೆಗಳಲ್ಲಿ ಇದ್ದದ್ದು ತಮ್ಮ ಮುಖದಂತೆ ಕಾಣುವ ಬೇರೆ ಯಾರೋ ಇರಬಹುದಂತೆ. ದೇವಮ್ಮನಿಗೆ ಬಿದ್ದದ್ದು ಆರು ಸಾವಿರದ ನಾನೂರು ಮತ. ಮೂರನೇ ಸ್ಥಾನ. ಹದಿನಾಲ್ಕು ಬೂತಿನಲ್ಲಿ ಆಕೆಯೇ ಫಸ್ಟ್. ರೈಗಳು ಎರಡು ಸಾವಿರದಲ್ಲಿ ಸೋತರು. ಗೆದ್ದ ಕೌಶಲ್ ವಿಜಯೋತ್ಸವದ ಭಾಷಣದಲ್ಲಿ ಆನೆ ಬೇಲಿಗೆ ಮೊದಲ ಆದ್ಯತೆ ಎಂದ. ಅಧ್ಯಯನಕ್ಕೆ ಸಮಿತಿ ಮಾಡಿದ್ದಾನೆ. ಸಮಿತಿ ಅಧ್ಯಯನ ಮಾಡುತ್ತಿದೆ. ಆನೆ ಅಧ್ಯಯನ ಮುಗಿಸಿ ಕಾನಮೂಲೆಗೆ ಮತ್ತೆ ಎರಡು ಸಲ ಬಂದು ಹೋಗಿದೆ.

ದೇವಮ್ಮ ಈಗ ಕೌಶಲ್‌ನ ಕಚೇರಿ ಮೆಟ್ಟಿಲಿನಲ್ಲಿ ಕೂತಿದ್ದಾಳಂತೆ. ಹನ್ನೆರಡು ದಿನವಾಯಿತು.

ನಿನ್ನೆ ಕೌಶಲ್ ಕಡೆಯವನೊಬ್ಬ ನನ್ನನ್ನು ನೋಡಲು ಜೈಲಿಗೆ ಬಂದಿದ್ದ. ಸೇಬು ತಂದಿದ್ದ. ಒಳ್ಳೆಯ ಶರ್ಟು, ಒಳ್ಳೆಯ ನಗು.

"ನಿಮ್ಮ ಬೇಲಿಗೆ ನಾವು ವ್ಯವಸ್ಥೆ ಮಾಡ್ತೇವೆ ಸುಜಯಣ್ಣ..."

"ಆನೆ ಬೇಲಿಗೂ ಮಾಡಿ."

"ಅಲ್ಲಲ್ಲ, ಬೇಲ್! ನಿಮ್ಮ ಬೇಲು! ನಿಮ್ಮ ಮಾತು ಆ ಅಮ್ಮ ಕೇಳ್ತಾರಂತೆ. ಹೊರಗೆ ಬಂದ ಕೂಡ್ಲೆ ಅವರನ್ನು ಸ್ವಲ್ಪ ಮೆಟ್ಟಿಲಿನಿಂದ ಏಳಿಸ್ಬೇಕು. ಪ್ರೀತಿಯಿಂದ."

ಸೇಬು ತಿಂದೆ. ಅವನನ್ನು ಕಳಿಸಿದೆ.

ಆದ್ದರಿಂದ ಆ ಬೇಲ್ ಅರ್ಜಿ ಬರೆಯುವುದೇ ಬೇಡ ವಕೀಲರೇ. ರೈಗಳ ಮೇಲೆ ಸಾಕ್ಷಿ ಹೇಳುವ ಕಾಗದ ಬರೆಯಿರಿ, ಸಹಿ ಹಾಕುತ್ತೇನೆ. ಓದಿಯೇ ಹಾಕುತ್ತೇನೆ. ನನಗೆ ಎರಡು ವರ್ಷ ಆಗಬಹುದು ಎಂದಿರಿ. ಆಗಲಿ. ಕೌಶಲ್‌ಗೆ ವಿಧಾನಸಭೆಯಲ್ಲಿ ಮೂರು ವರ್ಷ ಉಂಟು. ಹೋಲಿಸಿದರೆ ನನ್ನದೇ ಮರ್ಯಾದೆಯ ಜಾಗ.

ಒಳ್ಳೆಯ ನಡತೆಯಿಂದ ಅವಧಿಗೆ ಮೊದಲೇ ಈ ಜೈಲಿನಿಂದ ಹೊರಗೆ ಹೋದವರು ಹತ್ತಾರು ಮಂದಿ ಇದ್ದಾರೆ. ವಿಧಾನಸಭೆಯಿಂದ ಹಾಗೆ ಹೊರಗೆ ಬಂದವನು ಒಬ್ಬನಾದರೂ ಇದ್ದರೆ ಹೇಳಿ!